ಹಳದಿ ಗೆರೆ

ಹಲ್ಲಿನ ಡಾಕ್ಟರು ಆ ಕಾರನ್ನು ಲಾರಿಯಲ್ಲಿ ಹೇರಿಕೊಂಡು ನಮ್ಮ ಶೆಡ್ಡಿಗೆ ತಂದಾಗ ಅದು ಕಾರಿನ ಹಾಗೇ ಇರಲಿಲ್ಲ. ಚಾಸಿಯೆಂಬ ಕಬ್ಬಿಣದ ಚೌಕಟ್ಟು ಒಂದು ಕಡೆ, ಎಂಜಿನ್ ಎರಡು ಮರದ ಪೆಟ್ಟಿಗೆಗಳಲ್ಲಿ, ಉಳಿದದ್ದೆಲ್ಲ ಹದಿನೇಳು ಡಬ್ಬಗಳಲ್ಲಿ. ಯಾವ ಡಬ್ಬದಲ್ಲಿ ಏನಿದೆ ಎಂದು ಬರೆದಿರಲಿಲ್ಲ. "ಎಲ್ಲಾ ಇದೆ, ಜೋಡಿಸಿದ್ರೆ ಆಯ್ತು ಅಷ್ಟೆ" ಎಂದರು ಡಾಕ್ಟರು. ಯಾರಾದರೂ ತಮ್ಮ ಮೂವತ್ತೆರಡು ಹಲ್ಲನ್ನೂ ಚೀಲದಲ್ಲಿ ತಂದು ಇವರ ಮೇಜಿನ ಮೇಲೆ ಸುರಿದು ಇದೇ ಮಾತು ಹೇಳಿದರೆ ಹೇಗಿರುತ್ತದೆ ಎಂದುಕೊಂಡೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆವತ್ತೇ ಹೇಳಿ ಜಗಳವಾಡಿ ವಾಪಸ್ಸು ಕಳಿಸಿದ್ದರೆ ಚೆನ್ನಾಗಿತ್ತು.

ಶೆಡ್ಡು ದೊಡ್ಡಪ್ಪನದು. ಹಳೆಯ ಕಾರುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವುದೇ ನಮ್ಮ ಹೊಟ್ಟೆಪಾಡು. ಅಪ್ಪ ಹೋದಾಗ ನನಗೆ ಹದಿನೇಳು, ತಮ್ಮನಿಗೆ ಐದು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ದೊಡ್ಡಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಬಂದರು. ಅವನನ್ನು ಶಾಲೆಗೆ ಹಾಕಿದರು, ನನ್ನ ಕೈಗೆ ಸ್ಪ್ಯಾನರ್ ಕೊಟ್ಟರು. ಹೆಂಗಸು ಗ್ರೀಸಿನಲ್ಲಿ ಕೈಯಾಡಿಸುವುದೇ ಎಂದು ಮೂಗು ಮುರಿದವರ ಗಾಡಿಗಳೂ ಈ ಇಪ್ಪತ್ತೈದು ವರ್ಷಗಳಲ್ಲಿ ನನ್ನ ಕೈಕೆಳಗೇ ಬಂದು ಹೋಗಿವೆ. ತಮ್ಮನೂ ಓದಿದ್ದು ಸಾಕೆಂದು ಶೆಡ್ಡಿಗೇ ಬಂದ. ಎಷ್ಟು ತಿಂದರೂ ಮೈಗೆ ಹತ್ತದ ಜೀವ; ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಾರೆ. ನಾನು ಅವನಿಗೆ ಅಕ್ಕ ಎನ್ನುವುದು ಹೆಸರಿಗೆ ಮಾತ್ರ. ಮೂಗು ಒರೆಸಿ, ತಲೆ ಬಾಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಬೇಕಾದಾಗ ಎರಡೇಟು ಕೊಟ್ಟು ಬೆಳೆಸಿದ್ದು ನಾನು. ಅವನಿಗೇನಾದರೂ ಆದರೆ ನಾನು ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಲು ನಿಮಗೆ ಸುಲಭವಾಗುತ್ತದೆ.

ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟುಪಾಡಿದೆ. ನಟ್ಟು ಬಿಗಿದಾದ ಮೇಲೆ, ನಟ್ಟಿನ ಮೇಲಿಂದ ಬೋಲ್ಟಿನ ಮೇಲಕ್ಕೆ ಹಾಯುವಂತೆ ಹಳದಿ ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಬೇಕು. ನಟ್ಟು ಸ್ವಲ್ಪ ತಿರುಗಿದರೂ ಗೆರೆ ಎರಡಾಗಿ ಒಡೆದು ಕಾಣುತ್ತದೆ. ಇದು ಎಷ್ಟೋ ಕಡೆ ಇದೆ. ಆದರೆ ದೊಡ್ಡಪ್ಪ ಅದಕ್ಕೆ ಇನ್ನೆರಡು ಮಾತು ಸೇರಿಸಿದ್ದರು: ಬಿಗಿದ ಕೈಯೇ ಗೆರೆ ಎಳೆಯಬೇಕು, ಗೆರೆ ಬಿದ್ದ ನಟ್ಟನ್ನು ಇನ್ನೊಂದು ಕೈ ಮುಟ್ಟಬಾರದು. ಅನುಮಾನ ಬಂದರೆ ಬಿಗಿದವರನ್ನು ಕರೆದು ಅವರೆದುರೇ ಬಿಚ್ಚಬೇಕು. ನನಗೆ ಇದು ಹಿರಿಯರ ಜಂಬ ಎನಿಸುತ್ತಿತ್ತು. ನನ್ನ ಕೆಲಸದಲ್ಲಿ ನೀನ್ಯಾರೇ ಕೈ ಹಾಕೋಕೆ ಎನ್ನುವುದನ್ನೇ ಕಾನೂನು ಮಾಡಿಕೊಂಡಿದ್ದಾರೆ ಎಂದು ತಮ್ಮನ ಹತ್ತಿರ ಆಡಿಕೊಳ್ಳುತ್ತಿದ್ದೆ.

ಇನ್ನು ಆ ಕಾರು. ಅಂಥವನ್ನು ಮಾಡಿದ್ದೇ ನಾಲ್ಕಂತೆ, ರೇಸಿಗೆಂದು. ಎರಡರ ಸುಳಿವಿಲ್ಲ. ಒಂದು ಯಾವುದೋ ಮ್ಯೂಸಿಯಮ್ಮಿನಲ್ಲಿದೆ. ನಾಲ್ಕನೆಯದು ಡಾಕ್ಟರ ಅಜ್ಜನ ಗೋದಾಮಿನಲ್ಲಿ ನಲವತ್ತು ವರ್ಷ ಧೂಳು ತಿನ್ನುತ್ತಿತ್ತು. ಎಂಟು ಸಿಲಿಂಡರುಗಳು ಒಂದೇ ಸಾಲಿನಲ್ಲಿ, ಎಂಜಿನ್ನೇ ಒಂದು ಮಂಚದಷ್ಟು ಉದ್ದ. ಒಳಗೆ ತಿರುಗುವ ದಂಡ, ಕ್ರ್ಯಾಂಕ್‌ಶಾಫ್ಟು, ಅಷ್ಟುದ್ದಕ್ಕೂ ಒಂದೇ ತುಂಡಾಗಿದ್ದರೆ ಜೋರಾಗಿ ತಿರುಗುವಾಗ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡಿಕೊಳ್ಳುತ್ತದೆ. ಅದಕ್ಕೇ ಎರಡು ತುಂಡು ಮಾಡಿ, ನಡುವೆ ಗೇರು ಕೂರಿಸಿ ಬೋಲ್ಟು ಹಾಕಿದ್ದರು. ಮುಂದಿನ ಎರಡು ಚಕ್ರಗಳನ್ನು ಹೊರುವ ಆಕ್ಸಲ್ ಒಳಗೆ ಟೊಳ್ಳು, ಎತ್ತಿದರೆ ಹಗುರ. ಬ್ರೇಕಿಗೆ ಎಣ್ಣೆಯಿಲ್ಲ, ಬರೀ ತಂತಿ. ಮಾಡಿದವನು ಒಂದೊಂದು ಕಡೆಯೂ ತೂಕ ಕದ್ದಿದ್ದ. ಅವನಿಗೆ ಓಟದ ಚಿಂತೆಯಿತ್ತು, ಕೂತವರ ಚಿಂತೆ ಇದ್ದಂತೆ ನನಗೆ ಕಾಣಲಿಲ್ಲ.

ಸೀಟು ಎರಡು. ಬಲಗಡೆಯದು ಓಡಿಸುವವನದು. ಎಡಗಡೆಯದನ್ನು ನೋಡಿದವರೆಲ್ಲ "ಅದು ಹೆಂಡ್ತಿ ಕೂರೋಕಾ?" ಎಂದು ಹಲ್ಲು ಕಿರಿಯುತ್ತಿದ್ದರು. ಹೆಂಡತಿಯಂತೆ, ಹೆಂಡತಿ! ಅದು ಮೆಕ್ಯಾನಿಕ್ಕಿನ ಸೀಟು. ಪೆಟ್ರೋಲ್ ಟ್ಯಾಂಕು ಹಿಂದೆ, ಎಂಜಿನ್ನಿಗಿಂತ ಕೆಳಗೆ ಇದೆ. ಟ್ಯಾಂಕಿನೊಳಗೆ ಗಾಳಿ ತುಂಬಿಸಿ, ಆ ಒತ್ತಡದಿಂದಲೇ ಪೆಟ್ರೋಲನ್ನು ಮುಂದಕ್ಕೆ ತಳ್ಳಬೇಕು. ಎಡಗಡೆ ಕೂತವನ ಮೊಣಕಾಲಿನ ಹತ್ತಿರ ಒಂದು ಕೈಪಂಪಿದೆ. ಕಾರು ಓಡುವಷ್ಟು ಹೊತ್ತೂ ಅವನು ಅದನ್ನು ಒತ್ತುತ್ತಿರಬೇಕು, ಎಣ್ಣೆಯ ಮುಳ್ಳು ನೋಡುತ್ತಿರಬೇಕು, ಬಗ್ಗಿ ಟೈರು ನೋಡುತ್ತಿರಬೇಕು. ಭುಜಕ್ಕೆ ಭುಜ ತಾಗದಿರಲೆಂದು ಅವನ ಸೀಟು ಒಂದು ಗೇಣು ಹಿಂದಿದೆ. ಬಗ್ಗಿ ನೋಡಲು ಅನುಕೂಲವಾಗಲೆಂದು ಅವನ ಪಕ್ಕದ ತಗಡನ್ನು ಸೊಂಟದವರೆಗೆ ಕತ್ತರಿಸಿದ್ದಾರೆ. ಹಿಡಿದುಕೊಳ್ಳಲು ಏನೂ ಇಲ್ಲ.

ಡಬ್ಬವೊಂದರಲ್ಲಿ ಹಳೆಯ ಫೋಟೋ ಸಿಕ್ಕಿತು. ಓಟಕ್ಕೆ ನಿಂತ ಇದೇ ಕಾರು, ಒಳಗೆ ಇಬ್ಬರು. ಕೆಳಗೆ ಓಡಿಸುವವನ ಹೆಸರು, ಊರು, ಅವನು ಗೆದ್ದ ಬಹುಮಾನಗಳ ಪಟ್ಟಿ ಇತ್ತು. ಪಕ್ಕದವನ ಬಗ್ಗೆ ಒಂದಕ್ಷರವಿರಲಿಲ್ಲ.

"ಇವನ್ಯಾರು ಡಾಕ್ಟ್ರೇ?" ಎಂದು ಕೇಳಿದೆ.

"ಯಾರೋ ಮೆಕ್ಯಾನಿಕ್ಕು. ಗುಡ್ಡ ಹತ್ತುವಾಗ ಎಗರಿ ಬಿದ್ದು ಸತ್ತನಂತೆ ಪಾಪ. ಆದ್ರೆ ಕಾರಿಗೆ ಏನೂ ಆಗ್ಲಿಲ್ಲ ನೋಡಿ, ಒಂದು ಮಡ್‌ಗಾರ್ಡು ನಜ್ಜಾಯ್ತು ಅಷ್ಟೆ!" ಡಾಕ್ಟರಿಗೆ ಅದು ಹೆಮ್ಮೆಯ ವಿಷಯ.

ಹಳೆಯ ಕಾರುಗಳ ಸಂಘದವರು ವರ್ಷಕ್ಕೊಂದು ಭಾನುವಾರ ಗುಡ್ಡದ ರಸ್ತೆ ಮುಚ್ಚಿಸಿ ಓಟ ನಡೆಸುತ್ತಾರೆ. ಹನ್ನೊಂದು ತಿರುವು. ಡಾಕ್ಟರು ಆ ಓಟಕ್ಕೇ ಕಾರು ಸಿದ್ಧವಾಗಬೇಕೆಂದಿದ್ದರು. ಓಡಿಸುವವರು ಅವರು, ಪಂಪು ಒತ್ತುವವನು ನನ್ನ ತಮ್ಮ. ಹಗುರ ಆಳು, ಆ ಕಾರಿನ ಕರುಳೆಲ್ಲ ಬಲ್ಲವನು, ಬೇರೆ ಯಾರು ಕೂರುತ್ತಾರೆ? ಅವನಂತೂ ಹಿಗ್ಗಿ ಹೀರೇಕಾಯಿಯಾಗಿದ್ದ. ನಾನು ಬೇಡ ಎಂದೆ. "ಅಕ್ಕಾ, ಬಿಗೀತಿರೋದು ದೊಡ್ಡಪ್ಪ. ಇನ್ನೇನು ಬೇಕು ನಿಂಗೆ?" ಎಂದ. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ.

ಏಕೆಂದರೆ ದೊಡ್ಡಪ್ಪನ ಬಲಗೈ ನಡುಗಲು ಶುರುವಾಗಿ ಆಗಲೇ ಒಂದು ವರ್ಷವಾಗಿತ್ತು. ಮೊದಲು ಟೀ ಲೋಟ ತಟ್ಟೆಯ ಮೇಲೆ ಸದ್ದು ಮಾಡುತ್ತಿತ್ತು. ಆಮೇಲೆ ತಟ್ಟೆಯನ್ನೇ ಬಿಟ್ಟರು. ಸ್ಪ್ಯಾನರ್ ಹಿಡಿದಾಗ ನಡುಕ ಇರುತ್ತಿರಲಿಲ್ಲ. ಕಬ್ಬಿಣ ಮುಟ್ಟಿದರೆ ಆ ಕೈ ಸುಮ್ಮನಾಗುತ್ತಿತ್ತು. ಕುಂಚ ಹಿಡಿದರೆ ಮಾತ್ರ ಗೆರೆ ಹಾವಿನ ಹಾಗೆ ಹರಿಯುತ್ತಿತ್ತು. ಒಂದು ದಿನ ಅಂಥದ್ದೊಂದು ಗೆರೆಯನ್ನು ಒರೆಸಿ, ಇನ್ನೊಂದು ಎಳೆದು, ಅದನ್ನೂ ಒರೆಸಿ, ನನ್ನ ಕಡೆ ನೋಡದೆ ಕುಂಚವನ್ನು ಚಾಚಿದರು. ನಾನು ಇಸಿದುಕೊಂಡು ನೆಟ್ಟಗೆ ಎಳೆದೆ. ಆ ವಿಷಯ ನಾವು ಒಂದು ಸಲವೂ ಬಾಯಿಬಿಟ್ಟು ಆಡಲಿಲ್ಲ. ಅಲ್ಲಿಂದ ಮುಂದೆ ಅವರು ಬಿಗಿಯುವುದು, ನಾನು ಗೆರೆ ಎಳೆಯುವುದು. ಡಾಕ್ಟರು ಬಂದು ಸಾಲಾಗಿದ್ದ ಗೆರೆಗಳನ್ನು ನೋಡಿ "ಯಜಮಾನ್ರ ಕೈ ಅಂದ್ರೆ ಕೈ!" ಎನ್ನುತ್ತಿದ್ದರು. ದೊಡ್ಡಪ್ಪ ಬೇರೆ ಕಡೆ ನೋಡುತ್ತಿದ್ದರು. ನನಗೋ, ಅವರ ಮರ್ಯಾದೆ ಕಾಪಾಡುತ್ತಿದ್ದೇನೆ ಎಂಬ ಒಳಗೊಳಗಿನ ಹೆಮ್ಮೆ.

ಓಟಕ್ಕೆ ಎರಡು ದಿನವಿದ್ದಾಗ, ಶುಕ್ರವಾರ, ದೊಡ್ಡಪ್ಪ ಗೇರ್‌ಬಾಕ್ಸಿನ ಬೋಲ್ಟುಗಳ ಮುಂದೆ ಸ್ಪ್ಯಾನರ್ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, "ಇದು ಮಾಡಿದ್ನಾ? ಓ, ಗೆರೆ ಇದೆಯಲ್ಲ, ಆಗಿದೆ ಬಿಡು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮುಂದಕ್ಕೆ ಹೋದರು.

ಆಗ ನನಗೆ ನೆನಪಾಯಿತು. ಹತ್ತು ದಿನದ ಹಿಂದೆ ಮುಂದಿನ ಆಕ್ಸಲ್ ಕೂರಿಸುವಾಗ ಅವರಿಗೆ ಫೋನ್ ಬಂದಿತ್ತು. ಅರ್ಧ ಬಿಗಿದು ಎದ್ದು ಹೋಗಿದ್ದರು. ನನ್ನ ಕುಂಚ ಒಣಗುತ್ತಿತ್ತು. ಬಂದು ಹೇಗೂ ಬಿಗಿಯುತ್ತಾರಲ್ಲ ಎಂದು ಉಳಿದವಕ್ಕೂ ಗೆರೆ ಎಳೆದು ನಾನು ಲೇತಿನ ಕಡೆ ಹೋಗಿದ್ದೆ. ಅವರು ಬಂದು ಬಿಗಿದರೇ? ಅಥವಾ ಗೆರೆ ನೋಡಿ ಆಗಿದೆ ಬಿಡು ಎಂದರೇ? ನಾನು ನೋಡಿರಲಿಲ್ಲ. ಎಷ್ಟು ನಟ್ಟಿಗೆ ಮುಂಚೆಯೇ ಎಳೆದಿದ್ದೆ? ಮೂರೋ, ನಾಲ್ಕೋ, ಆರೋ? ನೆನಪಿರಲಿಲ್ಲ. ಆ ಆಕ್ಸಲಿನ ಮೇಲೆ ನನ್ನ ತಮ್ಮ ಗುಡ್ಡ ಹತ್ತಬೇಕಿತ್ತು.

ಏನು ಮಾಡಬೇಕಿತ್ತು ಎಂದು ನನಗೆ ಗೊತ್ತಿತ್ತು. "ದೊಡ್ಡಪ್ಪ, ಬನ್ನಿ, ನಿಮ್ಮೆದುರೇ ಬಿಚ್ಚಿ ನೋಡೋಣ" ಎನ್ನಬೇಕಿತ್ತು, ಅಷ್ಟೇ. ಹಾಗೆಂದರೆ ನಿಮ್ಮ ಕೈ ಹೋಯಿತು, ಈಗ ತಲೆಯೂ ಹೋಗುತ್ತಿದೆ ಎಂದು ಅವರ ಮುಖಕ್ಕೇ ಹೇಳಿದ ಹಾಗೆ. ನನ್ನ ಕೈಲಿ ಆಗಲಿಲ್ಲ. ಅವರಿಗೆ ಗೊತ್ತಾಗದ ಹಾಗೆ ನಾನೇ ನೋಡಿಬಿಡುತ್ತೇನೆ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದುಕೊಂಡೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಶನಿವಾರ ಊಟವಾದ ಮೇಲೆ ದೊಡ್ಡಪ್ಪ ಮಲಗಲು ಹೋದರು. ಅವರದು ಒಂದು ಗಂಟೆಯ ನಿದ್ದೆ, ಗಡಿಯಾರ ಇಟ್ಟ ಹಾಗೆ. ತಮ್ಮ ಹೆಲ್ಮೆಟ್ ಅಳತೆ ನೋಡಲು ಡಾಕ್ಟರ ಮನೆಗೆ ಹೋಗಿದ್ದ. ನಾನು ಕಾರಿನ ಕೆಳಗೆ ತೂರಿಕೊಂಡೆ. ಸ್ಪ್ರಿಂಗಿನ ನಟ್ಟುಗಳಿಂದ ಶುರುಮಾಡಿದೆ. ಸ್ಪ್ಯಾನರ್ ಹಾಕಿ ಎಳೆದರೆ ಒಂದೂ ಮಿಸುಕಲಿಲ್ಲ. ಬ್ರೇಕ್ ತಟ್ಟೆಯವು ಕಲ್ಲಿನ ಹಾಗಿದ್ದವು. ಮುಂಚೆಯೇ ಗೆರೆ ಎಳೆದಿದ್ದೆ ಎಂದು ನನಗೆ ಅನುಮಾನವಿದ್ದ ಎಡಗಡೆಯ ಆರೂ ಬಿಗಿ. ಆ ಮುದುಕ ಒಂದನ್ನೂ ಬಿಟ್ಟಿರಲಿಲ್ಲ. ಗೆರೆಯನ್ನು ನಂಬದೆ ತಮ್ಮ ಕೈಯನ್ನೇ ನಂಬಿ ಎಲ್ಲವನ್ನೂ ಮುಗಿಸಿದ್ದರು. ನನಗೆ ನಾಚಿಕೆಯಾಯಿತು, ಸಂತೋಷಕ್ಕೆ ಕಣ್ಣಲ್ಲಿ ನೀರೂ ಬಂತು.

ಅಲ್ಲಿಗೇ ಎದ್ದು ಬರಬೇಕಿತ್ತು. ಒಂದು ಉಳಿದಿತ್ತು. ಸ್ಟೀರಿಂಗಿನಿಂದ ಬರುವ ಉದ್ದನೆಯ ಸರಳು ಚಕ್ರದ ತೋಳಿಗೆ ಸೇರುವ ಜಾಗದ ನಟ್ಟು. ಅದರ ತಲೆ ಕೋಟೆಗೋಡೆಯ ಹಾಗೆ ಸೀಳುಸೀಳಾಗಿರುತ್ತದೆ. ಬೋಲ್ಟಿನಲ್ಲಿ ಒಂದು ತೂತಿರುತ್ತದೆ. ಸೀಳೂ ತೂತೂ ಒಂದಕ್ಕೊಂದು ಎದುರಾದಾಗ ಒಂದು ಸಣ್ಣ ಪಿನ್ನು ತೂರಿಸಿ, ಅದರ ಎರಡು ಕಾಲನ್ನೂ ಮಡಚಿಬಿಟ್ಟರೆ ನಟ್ಟು ತಿರುಗುವ ಮಾತೇ ಇಲ್ಲ. ಪಿನ್ನು ಇತ್ತು. ದೊಡ್ಡಪ್ಪನೇ ಮಡಚಿದ್ದು, ಆ ಮಡಿಕೆ ನೋಡಿದರೆ ಗೊತ್ತಾಗುತ್ತದೆ. ಪಿನ್ನಿದೆ ಎಂದರೆ ಬಿಗಿದಿದ್ದಾರೆ ಎಂದೇ ಅರ್ಥ, ಬುದ್ಧಿಯಿದ್ದವರು ಅಲ್ಲಿಗೆ ಬಿಡುತ್ತಿದ್ದರು. ಆದರೆ ಅನುಮಾನ ಒಂದು ಸಲ ಹೊಕ್ಕರೆ ಮುಗಿಯಿತು. ಬೆರಳಲ್ಲಿ ತಿರುಗಿಸಿ ಹಾಗೇ ಪಿನ್ನು ಹಾಕಿದ್ದರೆ? ಇಕ್ಕಳ ತೆಗೆದುಕೊಂಡು ಪಿನ್ನು ಎಳೆದೆ. ಒಮ್ಮೆ ಮಡಚಿದ ಪಿನ್ನನ್ನು ಮತ್ತೆ ಹಾಕುವ ಹಾಗಿಲ್ಲ, ಅದನ್ನು ಕಸಕ್ಕೆ ಎಸೆದು, ಡಬ್ಬಿಯಿಂದ ಹೊಸದೊಂದು ತೆಗೆದು ಮೈಮೇಲಿದ್ದ ಕೆಲಸದ ಕೋಟಿನ ಜೇಬಿಗೆ ಹಾಕಿಕೊಂಡೆ.

ನಟ್ಟು ಬಿಗಿಯಾಗಿಯೇ ಇತ್ತು. ಆದರೆ ನಾನು ಮೈಮೇಲೆ ಬಂದವಳಂತೆ ಎಳೆದಿದ್ದರಿಂದ ಅದು ಕೂದಲೆಳೆಯಷ್ಟು ಮುಂದಕ್ಕೆ ತಿರುಗಿತು. ಈಗ ಸೀಳು ತೂತಿಗೆ ಎದುರಾಗಿಲ್ಲ. ಮುಂದಿನ ಸೀಳಿನವರೆಗೆ ಬಿಗಿಯೋಣವೆಂದರೆ ಬರುತ್ತಿಲ್ಲ. ಹಿಂದಕ್ಕೆ ಸಡಿಲಿಸಿ ಪಿನ್ನು ಹಾಕಬಾರದು ಎಂದು ನನಗೆ ಮೊದಲ ವರ್ಷವೇ ಕಲಿಸಿದ್ದರು. ನಾನು ಹಿಂದಕ್ಕೇ ಸಡಿಲಿಸಿದೆ, ಒಂದು ಚೂರು, ತೂತು ಕಾಣುವಷ್ಟು. ಜೇಬಿಗೆ ಕೈ ಹಾಕುವಷ್ಟರಲ್ಲಿ ಚಪ್ಪಲಿ ಸದ್ದಾಯಿತು.

"ಏನ್ ಮಾಡ್ತಿದ್ದೀಯೇ ಅಲ್ಲಿ?"

"ಧೂಳು ಒರೆಸ್ತಿದ್ದೀನಿ ದೊಡ್ಡಪ್ಪ. ನೀವ್ಯಾಕೆ ಎದ್ರಿ?"

"ನಿದ್ದೆ ಹತ್ತಲಿಲ್ಲ ಕಣೇ" ಎಂದು ಸ್ಟೂಲು ಎಳೆದುಕೊಂಡು ಕಾರಿನ ಪಕ್ಕದಲ್ಲೇ ಕೂತರು. ನಾನು ತಿರುಗಿಸಿದ್ದರಿಂದ ಹಳದಿ ಗೆರೆ ಒಡೆದಿತ್ತು. ಅದು ಅವರ ಕಣ್ಣಿಗೆ ಬಿದ್ದರೆ ಗತಿಯೇನು? ಬಟ್ಟೆಯ ಮರೆಯಲ್ಲಿ ಹಳೆಯ ಗೆರೆ ಒರೆಸಿ ಹೊಸದು ಎಳೆದೆ. ಪಿನ್ನು ಮಡಚಲು ಇಕ್ಕಳ ಆಡಿಸಿದರೆ ಸದ್ದಿಗೇ ಅವರಿಗೆ ಗೊತ್ತಾಗುತ್ತದೆ, ಅವರು ಎದ್ದ ಮೇಲೆ ಹಾಕಿದರಾಯಿತು ಎಂದುಕೊಂಡೆ. ಅವರು ಏಳಲಿಲ್ಲ. ಅಪ್ಪನೂ ತಾವೂ ಚಿಕ್ಕವರಿದ್ದಾಗ ಯಾರದೋ ಸೈಕಲ್ಲು ಬಿಚ್ಚಿ, ಜೋಡಿಸಲು ಬಾರದೆ ಒದೆ ತಿಂದದ್ದನ್ನು ಹೇಳಿ ನಕ್ಕರು. ನಾನೂ ನಕ್ಕೆ. ನಾಲ್ಕಕ್ಕೆ ಬರಬೇಕಿದ್ದ ಲಾರಿ ಎರಡೂವರೆಗೇ ಬಂತು. ತಮ್ಮ, ಡಾಕ್ಟರು, ಡ್ರೈವರು, ಹಗ್ಗ, ಹಲಗೆ, ಕೂಗಾಟ. "ಎಡಕ್ಕೆ, ಎಡಕ್ಕೆ, ನಿಧಾನ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನೇ. ಎಲ್ಲ ಬಿಗಿಯಿದೆ, ತಮ್ಮನಿಗೆ ಏನೂ ಆಗುವುದಿಲ್ಲ ಎಂಬ ಒಂದೇ ಮಾತು ತಲೆಯೊಳಗೆ ಕುಣಿಯುತ್ತಿತ್ತು. ಪಿನ್ನು ಮರೆತೇಹೋಯಿತು ಎಂದರೆ ನಂಬುತ್ತೀರಾ? ಮರೆತೆ. ಆ ರಾತ್ರಿ ವಾರದಲ್ಲಿ ಮೊದಲ ಸಲ ಗಾಢವಾಗಿ ನಿದ್ದೆ ಮಾಡಿದೆ.

ಭಾನುವಾರ ಗುಡ್ಡದ ಬುಡದಲ್ಲಿ ಜನವೋ ಜನ. ನಮ್ಮ ಕಾರಿನ ಎಂಜಿನ್ ಶುರುವಾದಾಗ ಉಳಿದ ಕಾರುಗಳವರು ಮಾತು ನಿಲ್ಲಿಸಿ ತಿರುಗಿದರು. ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ದೊಡ್ಡಪ್ಪ ಯಾವಾಗಿನಂತೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. ಅವರು ಏನನ್ನೂ ಮುಟ್ಟುವುದಿಲ್ಲ, ಗೆರೆಗಳನ್ನು ಮಾತ್ರ ನೋಡುತ್ತಾರೆ. ಮುಂದಿನ ಚಕ್ರದ ಹತ್ತಿರ ಬಗ್ಗಿದರು. ಸ್ವಲ್ಪ ಹೆಚ್ಚು ಹೊತ್ತೇ ಬಗ್ಗಿದ್ದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅವರ ಕನ್ನಡಕವೂ ಹಳೆಯದು. ಗೆರೆ ನೆಟ್ಟಗಿತ್ತು. ತಲೆಯಾಡಿಸಿ ಎದ್ದರು.

ತಮ್ಮ ಎಡಗಡೆಯ ಸೀಟಿನಲ್ಲಿ ಕೂತು ಪಂಪು ಒತ್ತುತ್ತಿದ್ದ. ದೊಡ್ಡ ಹೆಲ್ಮೆಟ್ಟಿನೊಳಗೆ ಅವನ ಮುಖ ಐದು ವರ್ಷದ್ದಾಗಿ ಕಂಡಿತು. "ಬರ್ತೀನಿ ಅಕ್ಕಾ" ಎಂದ. ಅವನ ಹೆಲ್ಮೆಟ್ಟಿನ ಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದೆ. ಬಾವುಟ ಬಿತ್ತು. ಕಾರು ಕಲ್ಲು ಚಿಮ್ಮಿಸಿಕೊಂಡು ಹೋಗಿ ಮೊದಲ ತಿರುವಿನಲ್ಲಿ ಕಾಣೆಯಾಯಿತು.

ಕಣ್ಣಿಗೆ ಧೂಳು ಬಿದ್ದಿತ್ತು. ಕರವಸ್ತ್ರಕ್ಕೆಂದು ಕೋಟಿನ ಜೇಬಿಗೆ ಕೈ ಹಾಕಿದೆ, ಹಿಂದಿನ ದಿನದ ಅದೇ ಕೋಟು. ಬೆರಳಿಗೆ ಏನೋ ಚುಚ್ಚಿತು.

ಹೊರಗೆ ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಓಡಿದೆ. ಬಾವುಟದವರ ತೋಳು ಹಿಡಿದು "ನಿಲ್ಸಿ! ಆ ಕಾರು ನಿಲ್ಸಿ!" ಎಂದು ಕಿರುಚಿದೆ. ಪ್ರತಿ ತಿರುವಿನಲ್ಲೂ ಒಬ್ಬ ಆಳು, ಒಂದು ಕೆಂಪು ಬಾವುಟ, ಒಂದು ವಾಕಿಟಾಕಿ ಇತ್ತು. ಇವರು ಒಂದು ಮಾತು ಹೇಳಿದರೆ ಸಾಕು.

"ಏನಮ್ಮಾ, ಏನಾಯ್ತು?"

"ಸ್ಟೀರಿಂಗ್ ನಟ್ಟಿಗೆ ಪಿನ್ ಇಲ್ಲ!"

"ಪಿನ್ ಇಲ್ವಾ? ನಿಮಗೆ ಹೇಗೆ ಗೊತ್ತು? ಯಜಮಾನ್ರು ಈಗಷ್ಟೇ ಸುತ್ತಿ ನೋಡಿದ್ರಲ್ಲ?"

ನಾನು ತಿರುಗಿದೆ. ದೊಡ್ಡಪ್ಪ ನನ್ನ ಹಿಂದೆಯೇ ಬಂದು ನಿಂತಿದ್ದರು. ನಾನು ಬಿಚ್ಚಿದೆ ಎನ್ನಬೇಕಿತ್ತು. ನಿಮ್ಮ ಕೈಯನ್ನು ನಂಬದೆ, ನೀವು ಮಲಗಿದ್ದಾಗ, ಕಳ್ಳಿಯ ಹಾಗೆ ಬಿಚ್ಚಿದೆ ಎನ್ನಬೇಕಿತ್ತು. ಬಾಯಿ ತೆರೆದೆ, ನಾಲಿಗೆ ಏಳಲಿಲ್ಲ. ಮೇಲೆ ಎರಡನೆಯ ತಿರುವು ದಾಟಿದ ಸದ್ದು ಕೇಳಿಸಿತು, ಆಮೇಲೆ ಮೂರನೆಯದು. ನನ್ನ ತಮ್ಮನ ಪ್ರಾಣ ಹೋಗುತ್ತಿದೆ, ನಾನು ದೊಡ್ಡಪ್ಪನ ಮುಖ ನೋಡಿಕೊಂಡು ನಿಂತಿದ್ದೇನೆ! ಇಂದಿಗೂ ನನ್ನನ್ನು ನಾನು ಕ್ಷಮಿಸದಿರುವುದು ಪಿನ್ನಿಗಲ್ಲ, ಆ ನಿಂತದ್ದಕ್ಕೆ.

ದೊಡ್ಡಪ್ಪ ನನ್ನ ಅಂಗೈಯಲ್ಲಿದ್ದ ಪಿನ್ನನ್ನು ನೋಡಿದರು. ನನ್ನ ಮುಖ ನೋಡಿದರು. ಅವರಿಗೆ ಎಲ್ಲ ತಿಳಿದುಹೋಯಿತು, ಅದು ನನಗೂ ತಿಳಿಯಿತು.

"ನಿಲ್ಸಪ್ಪಾ" ಎಂದರು ಬಾವುಟದವರಿಗೆ. "ಪಿನ್ ಹಾಕೋದು ಮರೆತಿದ್ದೀನಿ. ನಾನೇ. ಬೇಗ ಹೇಳು." ಬೆನ್ನ ಹಿಂದಿನ ಕೈ ಬಿಚ್ಚಿ ಎಲ್ಲರೆದುರು ಮುಂದಕ್ಕೆ ಚಾಚಿದರು. ಅದು ಎಲೆಯ ಹಾಗೆ ನಡುಗುತ್ತಿತ್ತು. "ನೋಡು. ಕೈ ಹೋಗಿದೆ ನಂದು."

ಅವರ ಮಾತಿಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಬಾವುಟದವರು ವಾಕಿಟಾಕಿ ಬಾಯಿಗೆ ಹಿಡಿದರು. ನಾಲ್ಕನೆಯ ತಿರುವಿನವನು ದಾಟಿತು ಎಂದ. ಐದನೆಯವನು ಬಾವುಟ ಬೀಸಿದೆ, ನೋಡಲಿಲ್ಲ ಎಂದ. ಆಮೇಲೆ ಸ್ವಲ್ಪ ಹೊತ್ತು ಬರೀ ಗರಗರ ಸದ್ದು. ಎಂಜಿನ್ನಿನ ಸದ್ದು ನಿಂತಿತು. ಸುತ್ತ ಇದ್ದವರೆಲ್ಲ ಗುಡ್ಡದ ಕಡೆ ನೋಡುತ್ತಿದ್ದರು. ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡರು.

"ಆರನೇ ತಿರುವು. ನಿಂತಿದೆ. ಇಬ್ರೂ ಸರಿಯಾಗಿದಾರೆ" ಎಂದಿತು ವಾಕಿಟಾಕಿ.

ನಾವು ಹತ್ತಿಹೋದಾಗ ಡಾಕ್ಟರು ರಸ್ತೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ನಟ್ಟು ಬೋಲ್ಟಿನ ತುದಿಗೆ ಬಂದಿತ್ತು, ಎರಡು ಸುತ್ತು ಉಳಿದಿತ್ತು. ಮುಂದಿನ ತಿರುವಿಗೆ ತಡೆಗೋಡೆ ಇಲ್ಲ. ತಮ್ಮ ಆ ನಟ್ಟಿನ ಮುಂದೆ ಮಂಡಿಯೂರಿದ್ದ. ನಾನು ಓಡಿಹೋಗಿ ಅಪ್ಪಿಕೊಂಡೆ. ಅವನು ನನ್ನನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತ.

"ನಿಮ್ಮನ್ನ ನಂಬಿದ್ದೆ ದೊಡ್ಡಪ್ಪ" ಎಂದ. "ಕೈ ಆಗಲ್ಲ ಅಂದ್ರೆ ಬಾಯಲ್ಲಿ ಹೇಳ್ಬಾರ್ದಿತ್ತಾ? ಸಾಯಿಸ್ತಿದ್ರಲ್ಲ ನನ್ನ!"

ದೊಡ್ಡಪ್ಪ ತಲೆ ತಗ್ಗಿಸಿದರು. ಡಾಕ್ಟರು, ಸಂಘದವರು, ಗುರುತಿಲ್ಲದವರು, ಎಲ್ಲರೂ ತಲಾ ಒಂದೊಂದು ಆಡಿದರು. ವಯಸ್ಸಾದ ಮೇಲೆ ಸುಮ್ಮನೆ ಮನೆಯಲ್ಲಿರಬಾರದೇ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬುದು ಗಾದೆ. ಅಲ್ಲಿ ಎಮ್ಮೆ ತಾನಾಗಿ ಬೆನ್ನೊಡ್ಡಿ ನಿಂತಿತ್ತು, ಎತ್ತು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನೋಡುತ್ತಿತ್ತು.

ಮನೆಗೆ ಬರುವಾಗ ವ್ಯಾನಿನಲ್ಲಿ ನಾವಿಬ್ಬರೇ. ತಮ್ಮ ನಮ್ಮ ಜೊತೆ ಹತ್ತಲಿಲ್ಲ.

"ಉಳಿದಿದ್ದೆಲ್ಲಾ ನೋಡಿದ್ಯಾ?" ಎಂದರು ದೊಡ್ಡಪ್ಪ, ಅರ್ಧ ದಾರಿಯಲ್ಲಿ.

"ನೋಡ್ದೆ."

"ಬಿಗಿ ಇತ್ತಾ?"

"ಎಲ್ಲಾ ಬಿಗಿ ಇತ್ತು ದೊಡ್ಡಪ್ಪ. ಒಂದೂ ಸಡಿಲ ಇರ್ಲಿಲ್ಲ."

"ಹೂಂ" ಎಂದರು. ಅವರ ಮುಖದಲ್ಲಿ ಒಂದು ಕ್ಷಣ ಬಂದು ಹೋದದ್ದು ಸಂತೋಷ. ನಾನು ಗೋಳೋ ಎಂದು ಅತ್ತುಬಿಟ್ಟೆ. ನಾಳೆಯೇ ಎಲ್ಲರಿಗೂ ಹೇಳುತ್ತೇನೆ, ಗುಬ್ಬಿಗೆ ಇವತ್ತೇ 'ನಾನೇ' ಎಂದು ಹೇಳುತ್ತೇನೆ ಎಂದೆ.

"ಹೇಳಿ? ಶೆಡ್ಡು ಮುಚ್ತೀಯಾ?" ಎಂದು ಗದರಿದರು. "ನನ್ನ ಕೈಲಿ ಇನ್ನೇನಿದೆ, ಇವತ್ತಲ್ಲ ನಾಳೆ ಬಿಡೋದೇ. ನಿನ್ನ ಕೈಲಿ ಇನ್ನೂ ಇಪ್ಪತ್ತು ವರ್ಷದ ಕೆಲ್ಸ ಇದೆ. ಅವನೂ ಅದ್ರಲ್ಲೇ ಬದುಕ್ಬೇಕು. ಬಾಯಿ ಮುಚ್ಕೊಂಡಿರು."

ನಾನು ಬಾಯಿ ಮುಚ್ಚಿಕೊಂಡಿದ್ದೇನೆ. ದೊಡ್ಡಪ್ಪ ಶೆಡ್ಡಿಗೆ ಬರುವುದಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ತಮ್ಮ ಅವರ ಮುಖ ನೋಡುವುದಿಲ್ಲ, ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಅವರಿಗೆ ದಾಟಿಸುತ್ತಾನೆ. ಅವರು ತುತ್ತನ್ನು ಎಡಗೈಯಿಂದ ಆನಿಸಿಕೊಂಡು ಉಣ್ಣುತ್ತಾರೆ. ದಿನಾ ಹೇಳಬೇಕೆಂದುಕೊಳ್ಳುತ್ತೇನೆ. ಅವನು ನನ್ನ ಮುಖವನ್ನೂ ನೋಡದೆ ಹೋದರೆ ಎಂದು ಭಯವಾಗುತ್ತದೆ. ದೊಡ್ಡಪ್ಪ ಹೇಳಿದ್ದಕ್ಕೆ ಸುಮ್ಮನಿದ್ದೇನೆ ಎನ್ನುವುದು ನೆಪ, ಇದು ನನಗೂ ಗೊತ್ತು.

ಕಳೆದ ವಾರ ಡಾಕ್ಟರು ಕಾರನ್ನು ಮತ್ತೆ ತಂದರು. ಮುಂದಿನ ಓಟ ಬಂತು. "ಈ ಸಲ ಪೂರ್ತಿ ನೀವೇ ನೋಡ್ಕೊಳಮ್ಮ" ಎಂದರು. ನಾನು ಮುಂದಿನ ಆಕ್ಸಲಿನ ನಟ್ಟುಗಳನ್ನು ಬಿಗಿದು, ಪಿನ್ನು ಹಾಕಿ, ಮಡಚಿ, ಗೆರೆ ಎಳೆದೆ. ಮತ್ತೆ ಬಿಚ್ಚಿದೆ, ಮತ್ತೆ ಬಿಗಿದೆ. ನಾಲ್ಕು ಸಲ. ಐದನೆಯ ಸಲಕ್ಕೆ ಯಾವುದನ್ನು ಬಿಚ್ಚಿದ್ದೆ, ಯಾವುದನ್ನು ಬಿಟ್ಟಿದ್ದೆ ಎಂಬುದೇ ಕಲಸಿಹೋಯಿತು. ಗೆರೆಗಳೆಲ್ಲ ನೆಟ್ಟಗಿದ್ದವು.

ತಮ್ಮ ಬಂದು ಬಗ್ಗಿ ನೋಡಿದ. "ನೀನ್ ಬಿಗಿದಿದ್ದೀಯ ಅಂದ್ಮೇಲೆ ನಾನ್ ನೋಡೋದೇನಿದೆ ಅಕ್ಕಾ" ಎಂದು ನಕ್ಕು, ಎಡಗಡೆಯ ಸೀಟಿಗೆ ಹತ್ತಿ ಕೂತು, ಪಂಪು ಒತ್ತತೊಡಗಿದ.